ಸೀಕ್ರೆಟ್ ಸಾಂಟಾನಾ, ವೈಟ್ ಎಲಿಫೆಂಟಾ? ಗುಂಪು ನೋಡಿ ಉಡುಗೊರೆ ಆಟ ಆರಿಸಿ

ರೋಮ್‌ನ ಚಕ್ರವರ್ತಿ ಅಗಸ್ಟಸ್‌ಗೆ ಒಂದು ತಮಾಷೆಯ ಚಟ ಇತ್ತು. ಡಿಸೆಂಬರ್‌ನ ಸ್ಯಾಟರ್ನೇಲಿಯಾ ಹಬ್ಬಕ್ಕೆ ಒಮ್ಮೆ ಬಟ್ಟೆ, ಚಿನ್ನ, ಬೆಳ್ಳಿ ಹಂಚುತ್ತಿದ್ದ. ಇನ್ನೊಮ್ಮೆ ಸ್ಪಂಜು, ಇಕ್ಕಳ, ಕೆಂಡ ಕೆದಕುವ ಸಲಾಕೆ ಕೊಟ್ಟು, ಅವಕ್ಕೆ ಎರಡರ್ಥದ ದೊಡ್ಡ ದೊಡ್ಡ ಹೆಸರಿಡುತ್ತಿದ್ದ. ಊಟಕ್ಕೆ ಬಂದವರ ಮುಂದೆ ಚೀಟಿಗಳನ್ನು ಹರಾಜಿಗಿಡುತ್ತಿದ್ದ. ಯಾವ ಚೀಟಿಗೆ ಬೆಲೆಬಾಳುವ ವಸ್ತು, ಯಾವುದಕ್ಕೆ ಕಸ ಎಂದು ಕೊಂಡವರಿಗೇ ಗೊತ್ತಿರುತ್ತಿರಲಿಲ್ಲ. ಚಿತ್ರಪಟಗಳನ್ನು ಬೆನ್ನು ಮಾತ್ರ ಕಾಣುವಂತೆ ತಿರುಗಿಸಿಟ್ಟು ಮಾರುತ್ತಿದ್ದ. ಇದನ್ನೆಲ್ಲ ಬರೆದಿಟ್ಟವನು ಇತಿಹಾಸಕಾರ ಸ್ವೆಟೋನಿಯಸ್.

ಅತಿಥಿಗಳು ನಕ್ಕರೋ ಬಿಟ್ಟರೋ, ಚಕ್ರವರ್ತಿಯ ಮನೆಯಲ್ಲಿ ಕೂತು ‘ನಾನು ಆಡಲ್ಲ’ ಅನ್ನುವ ಧೈರ್ಯ ಯಾರಿಗಿತ್ತು? ಎಚ್‌ಆರ್ ಮೇಲ್ ಬಂದಾಗ ನಮ್ಮದೂ ಸುಮಾರಾಗಿ ಅದೇ ಕಥೆ. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಐಟಿ ಕಂಪನಿ, ಅಪಾರ್ಟ್‌ಮೆಂಟ್ ಸಂಘ, ಕಾಲೇಜಿನ ಹಾಸ್ಟೆಲ್, ನ್ಯೂಜೆರ್ಸಿ ಕನ್ನಡಿಗರ ಪಾಟ್‌ಲಕ್, ಎಲ್ಲ ಕಡೆ ಯಾರಾದರೂ ಒಬ್ಬರು ‘ಗಿಫ್ಟ್ ಎಕ್ಸ್‌ಚೇಂಜ್ ಇಟ್ಕೊಳ್ಳೋಣ್ವಾ?’ ಎಂದು ಶುರು ಮಾಡುತ್ತಾರೆ. ಎಲ್ಲರೂ ಹೂಂ ಎನ್ನುತ್ತಾರೆ. ಯಾವ ಆಟ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಎಡವಟ್ಟು ಆಗುವುದೇ ಅಲ್ಲಿ.

ಹೆಸರುಗಳು ಹತ್ತಾರು ಇದ್ದರೂ ಈ ಆಟಗಳಲ್ಲಿ ಇರುವುದು ಎರಡೇ ಜಾತಿ. ಒಂದರಲ್ಲಿ ಚೀಟಿ ಎತ್ತಿ, ಆ ಹೆಸರಿನ ಒಬ್ಬರಿಗೆಂದೇ ಉಡುಗೊರೆ ತರಬೇಕು. ಇನ್ನೊಂದರಲ್ಲಿ ಇಂಥವರಿಗೆ ಅಂತಿಲ್ಲ. ಎಲ್ಲರೂ ಒಂದೊಂದು ಪೊಟ್ಟಣ ತಂದು ರಾಶಿ ಹಾಕುತ್ತಾರೆ. ಆಮೇಲೆ ಆರಿಸುವುದು, ಕಿತ್ತುಕೊಳ್ಳುವುದು. ಮೊದಲನೆಯದಕ್ಕೆ ಪರಿಚಯ ಬೇಕು. ಎರಡನೆಯದಕ್ಕೆ ಸಲುಗೆ ಬೇಕು. ಎರಡೂ ಒಟ್ಟಿಗೇ ಇರಬೇಕೆಂದೇನಿಲ್ಲ. ವರ್ಷಗಟ್ಟಲೆ ಪಕ್ಕದ ಸೀಟಿನಲ್ಲಿ ಕೂತ ಸೀನಿಯರ್ ಮೇಡಂ ಕಾಫಿಗೆ ಸಕ್ಕರೆ ಹಾಕಿಸಿಕೊಳ್ಳುವುದಿಲ್ಲ ಎಂಬುದು ನಿಮಗೆ ಗೊತ್ತು. ಆದರೆ ಅವರ ಕೈಯಲ್ಲಿರುವ ಗಿಫ್ಟ್ ಕಿತ್ತುಕೊಳ್ಳಲು ನಿಮ್ಮ ಕೈ ಮುಂದೆ ಬರುವುದಿಲ್ಲ. ಹೊಸದಾಗಿ ಸೇರಿದ ನಾಲ್ಕು ಹುಡುಗರಿಗೆ ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಕಿತ್ತಾಟಕ್ಕೆ ಮಾತ್ರ ಮೊದಲ ದಿನವೇ ರೆಡಿ. ನಿಮ್ಮ ಗುಂಪಿನಲ್ಲಿ ಯಾವುದು ಜಾಸ್ತಿ ಇದೆ ಎಂದು ನೋಡಿಕೊಂಡರೆ ಅರ್ಧ ಆಯ್ಕೆ ಮುಗಿದ ಹಾಗೆ.

ಸೀಕ್ರೆಟ್ ಸಾಂಟಾ: ಹೆಸರು ಎತ್ತುವ ಆಟ

ನಮ್ಮಲ್ಲಿ ಹೆಚ್ಚು ನಡೆಯುವುದು ಇದೇ. ಎಲ್ಲರ ಹೆಸರು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಒಬ್ಬೊಬ್ಬರು ಒಂದೊಂದು ಎತ್ತುವುದು. ಬಂದ ಹೆಸರು ಗುಟ್ಟು. ನಿಗದಿಯಾದ ದಿನ ಉಡುಗೊರೆ ಮರದ ಕೆಳಗೋ ಮೇಜಿನ ಮೇಲೋ ಇರುತ್ತದೆ. ಕೊಟ್ಟವರು ಯಾರೆಂದು ಪಡೆದವರು ಊಹಿಸಬೇಕು.

ಇದರ ಬೇರು ಉತ್ತರ ಯುರೋಪಿನಲ್ಲಿದೆ. ಸ್ವೀಡನ್ ಮತ್ತು ಉತ್ತರ ಜರ್ಮನಿಯಲ್ಲಿ ಯೂಲ್‌ಕ್ಲಾಪ್ ಎಂಬ ಪದ್ಧತಿ ಇತ್ತು. ಕ್ರಿಸ್‌ಮಸ್ ಸಂಜೆ ಬಾಗಿಲು ದಬದಬ ಬಡಿದು, ಪೊಟ್ಟಣವನ್ನು ಒಳಗೆ ಎಸೆದು, ಯಾರೆಂದು ಗೊತ್ತಾಗುವ ಮುಂಚೆ ಓಡಿಹೋಗುವುದು. ಪೊಟ್ಟಣ ಬಿಚ್ಚಿದರೆ ಒಳಗೆ ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು. ಜೊತೆಗೆ ಪಡೆದವರನ್ನು ಕೆಣಕುವ ಒಂದು ಚುಟುಕ. ಸ್ವೀಡನ್‌ನಲ್ಲಿ ಉಡುಗೊರೆಯ ಮೇಲೆ ಪ್ರಾಸದ ಸಾಲು ಬರೆಯುವವರು ಈಗಲೂ ಇದ್ದಾರೆ.

ಚೀಟಿ ಎತ್ತುವ ಪದ್ಧತಿ ಚೆನ್ನಾಗಿ ಬೆಳೆದದ್ದು ನೆದರ್ಲೆಂಡ್ಸ್‌ನಲ್ಲಿ. ಅಲ್ಲಿನ ಉಡುಗೊರೆ ಹಬ್ಬ ಡಿಸೆಂಬರ್ 5ರ ಸಂಜೆ, ಮಕ್ಕಳಿಗೆ ಉಡುಗೊರೆ ತರುತ್ತಾನೆಂದು ನಂಬುವ ಸಂತ ನಿಕೋಲಸ್ ಹೆಸರಿನಲ್ಲಿ. ದೊಡ್ಡ ಮಕ್ಕಳು ಮತ್ತು ಹಿರಿಯರು ಮೊದಲೇ ಹೆಸರು ಎತ್ತಿರುತ್ತಾರೆ. ಉಡುಗೊರೆಯನ್ನು ಹಾಗೇ ಕೊಡುವಂತಿಲ್ಲ. ರಟ್ಟು, ಬಣ್ಣದ ಕಾಗದದಲ್ಲಿ ಏನಾದರೂ ಆಕಾರ ಮಾಡಿ ಅದರೊಳಗೆ ಬಚ್ಚಿಡಬೇಕು. ಸದಾ ಫುಟ್‌ಬಾಲ್ ನೋಡುವವರಿಗೆ ರಟ್ಟಿನ ಟಿವಿ ಇರಬಹುದು. ಜೊತೆಗೊಂದು ಪದ್ಯ, ವರ್ಷವಿಡೀ ಅವರು ಮಾಡಿದ ಎಡವಟ್ಟುಗಳ ಪಟ್ಟಿ. ಸಹಿ ಮಾತ್ರ ಸಂತ ನಿಕೋಲಸ್‌ನದು! ಪಡೆದವರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಈ ಆಟಗಳ ಪೈಕಿ ನನಗೆ ತುಂಬಾ ಇಷ್ಟವಾದದ್ದು ಇದು. ದುಡ್ಡಿನ ಮಾತೇ ಹಿಂದೆ ಸರಿದುಬಿಡುತ್ತದೆ.

ಜರ್ಮನಿಯ ಪ್ರಾಟೆಸ್ಟೆಂಟರು 16ನೇ ಶತಮಾನದಲ್ಲಿ ಸಂತ ನಿಕೋಲಸ್‌ನನ್ನು ಬದಿಗಿಟ್ಟು, ಉಡುಗೊರೆ ತರುವುದು ಬಾಲ ಯೇಸು ಎಂದು ಮಕ್ಕಳಿಗೆ ಹೇಳತೊಡಗಿದರು. ಬಾಲ ಯೇಸುವಿಗೆ ಜರ್ಮನ್ನರ ಹೆಸರು ಕ್ರಿಸ್ಟ್‌ಕಿಂಡ್. ಅದು ಅಮೆರಿಕಕ್ಕೆ ಹೋಗಿ ಕ್ರಿಸ್ ಕ್ರಿಂಗಲ್ ಆಯಿತು. ಆಸ್ಟ್ರೇಲಿಯಾದ ಆಫೀಸಿನಲ್ಲಿ ‘ಕ್ರಿಸ್ ಕ್ರಿಂಗಲ್’ ಅಂದರೂ, ಐರ್ಲೆಂಡ್‌ನಲ್ಲಿ ‘ಕ್ರಿಸ್ ಕಿಂಡಲ್’ ಅಂದರೂ, ಸ್ಪೇನ್‌ನಲ್ಲಿ ‘ಅಮಿಗೊ ಇನ್ವಿಸಿಬ್ಲೆ’ ಅಂದರೂ ನಿಮ್ಮ ಕೈಗೆ ಬರುವುದು ಒಂದು ಚೀಟಿಯೇ. ಸಹೋದ್ಯೋಗಿಗಳ ಮಾತಿಗೆ ಗಾಬರಿಯಾಗಬೇಡಿ.

ಇನ್ನೊಂದು ಕಥೆ ವಾಟ್ಸಾಪಿನಲ್ಲಿ ಓಡಾಡುತ್ತದೆ: ಸೀಕ್ರೆಟ್ ಸಾಂಟಾ ಆಟ ಶುರು ಮಾಡಿದ್ದು ಲ್ಯಾರಿ ಸ್ಟೀವರ್ಟ್ ಎಂದು. ಸ್ಟೀವರ್ಟ್ ನಿಜವಾದ ವ್ಯಕ್ತಿ. ಅಮೆರಿಕದ ಕ್ಯಾನ್ಸಸ್ ಸಿಟಿಯವರು. 1979ರ ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡು ಕೂತಿದ್ದಾಗ, ಚಳಿಯಲ್ಲಿ ತಿಂಡಿ ತಂದುಕೊಟ್ಟ ಹೆಂಗಸಿಗೆ 20 ಡಾಲರ್ ಕೊಟ್ಟು ಚಿಲ್ಲರೆ ಇಟ್ಟುಕೊಳ್ಳಿ ಎಂದರು. ಮುಂದೆ ಕೇಬಲ್ ಟಿವಿ, ಫೋನ್ ವ್ಯವಹಾರದಲ್ಲಿ ದುಡ್ಡು ಮಾಡಿದರು. ಪ್ರತಿ ಕ್ರಿಸ್‌ಮಸ್‌ಗೆ ಬೀದಿಯಲ್ಲಿ ನಡೆಯುತ್ತಾ ಕಷ್ಟದಲ್ಲಿದ್ದವರ ಕೈಗೆ 100 ಡಾಲರ್ ನೋಟು ತುರುಕಿ ಹೋಗುತ್ತಿದ್ದರು. ಒಟ್ಟು ಸುಮಾರು 13 ಲಕ್ಷ ಡಾಲರ್. ಕ್ಯಾನ್ಸರ್ ಬಂದ ಮೇಲೆ 2006ರಲ್ಲಷ್ಟೇ ತಾವು ಯಾರೆಂದು ಹೇಳಿದರು. 2007ರ ಜನವರಿಯಲ್ಲಿ ತೀರಿಕೊಂಡರು. ದೊಡ್ಡ ಮನುಷ್ಯ, ಅನುಮಾನವಿಲ್ಲ. ಆದರೆ ಚೀಟಿ ಎತ್ತುವ ಆಟ ಅವರು ಹುಟ್ಟುವ ಮುಂಚೆಯೇ ಇತ್ತು.

ಸರಿ, ಈ ಆಟ ಯಾರಿಗೆ? ಆರರಿಂದ ಹದಿನೈದು ಜನರ, ದಿನಾ ಮುಖ ನೋಡುವ ತಂಡಕ್ಕೆ ಹೇಳಿ ಮಾಡಿಸಿದ್ದು. ಐವತ್ತು ಜನರ ಫ್ಲೋರ್‌ಗೆಲ್ಲ ಮಾಡಿದರೆ ಕೆಡುತ್ತದೆ. ಮುಖವೇ ನೋಡದ ಫೈನಾನ್ಸ್ ವಿಭಾಗದವರ ಹೆಸರು ಬಂದರೆ ನೀವು ತರುವುದು ಕಾಫಿ ಮಗ್, ಫೋಟೋ ಫ್ರೇಮ್ ಅಥವಾ ಡ್ರೈಫ್ರೂಟ್ಸ್ ಡಬ್ಬಿ. ಅವರ ಮನೆಯ ಶೋಕೇಸಿನಲ್ಲಿ ಈಗಾಗಲೇ ನಾಲ್ಕು ಮಗ್ ಇರುತ್ತವೆ. ಅಷ್ಟೊಂದು ಜನ ಇದ್ದರೆ ತಂಡ ತಂಡವಾಗಿ ಒಡೆದು ಆಡಿ.

ಚೀಟಿ ಎತ್ತುವುದರಲ್ಲೇ ಒಂದು ಲೆಕ್ಕ

ಚೀಟಿ ಎತ್ತಿದಾಗ ಯಾರಾದರೂ ಒಬ್ಬರು ‘ಅಯ್ಯೋ, ನಂದೇ ಹೆಸರು ಬಂತು’ ಅನ್ನುತ್ತಾರಲ್ಲ, ಅದು ಗ್ರಹಚಾರವೇನಲ್ಲ. ಎಲ್ಲರಿಗೂ ಬೇರೆಯವರ ಹೆಸರೇ ಬರುವ ಸಂಭವ ಬರೀ 37% ಆಸುಪಾಸು. ಅಂದರೆ ನೂರು ಸಲ ಎತ್ತಿದರೆ ಸುಮಾರು 63 ಸಲ ಒಬ್ಬರಿಗಾದರೂ ಸ್ವಂತ ಹೆಸರೇ ಸಿಗುತ್ತದೆ. ವಿಚಿತ್ರ ಏನೆಂದರೆ ಹತ್ತು ಜನ ಇದ್ದರೂ ನೂರು ಜನ ಇದ್ದರೂ ಈ ಲೆಕ್ಕ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಮೊನ್ಮೋರ್ ಇಸ್ಪೀಟಿನ ಒಂದು ಆಟ ನೋಡಿ 1708ರಲ್ಲೇ ಈ ಪ್ರಶ್ನೆ ಎತ್ತಿದ್ದ.

ಹಾಗಾಗಿ ಡಬ್ಬಿ ಬಿಡಿ. ಚೀಟಿಗಳನ್ನು ಕಲೆಸಿ ಮೇಜಿನ ಮೇಲೆ ಸುತ್ತಲೂ ಜೋಡಿಸಿ. ಪ್ರತಿಯೊಬ್ಬರೂ ತಮ್ಮ ಬಲಗಡೆ ಬಂದವರಿಗೆ ಕೊಡಬೇಕು. ಸ್ವಂತ ಹೆಸರು ಬರುವ ಮಾತೇ ಇಲ್ಲ. ಒಂದೇ ತೊಂದರೆ, ಜೋಡಿಸಿದವರಿಗೆ ಎಲ್ಲರ ಗುಟ್ಟೂ ಗೊತ್ತಿರುತ್ತದೆ.

ಅದೂ ಬೇಡ ಎಂದರೆ ಒಂದು ಉಪಾಯ ಇದೆ. ಎಷ್ಟು ಜನರೋ ಅಷ್ಟು ಒಂದೇ ಥರದ ಕಾರ್ಡ್ ತೆಗೆದುಕೊಳ್ಳಿ. ಮೊದಲ ಕಾರ್ಡಿನ ಮೇಲರ್ಧದಲ್ಲಿ ‘ನಿಮ್ಮ ನಂಬರ್ 1’, ಕೆಳಗರ್ಧದಲ್ಲಿ ‘ನೀವು ಕೊಡುವುದು 1ಕ್ಕೆ’ ಎಂದು ಬರೆಯಿರಿ. ಎರಡನೆಯದರಲ್ಲಿ ಎರಡೂ ಕಡೆ 2. ಹೀಗೇ ಕೊನೆಯವರೆಗೆ. ಈಗ ಎಲ್ಲ ಕಾರ್ಡ್ ಮಗುಚಿ, ಕಲೆಸಿ, ಸಾಲಾಗಿ ಇಡಿ. ಮಗುಚಿದಂತೆಯೇ ಎಲ್ಲವನ್ನೂ ನಡುವೆ ಕತ್ತರಿಸಿ. ಮೇಲಿನ ಸಾಲು ಹಾಗೇ ಇರಲಿ. ಕೆಳಗಿನ ಸಾಲನ್ನು ಮಾತ್ರ ಒಂದು ಜಾಗ ಬಲಕ್ಕೆ ಸರಿಸಿ, ಕೊನೆಯಲ್ಲಿ ಉಳಿದ ತುಂಡನ್ನು ಎಡತುದಿಗೆ ತನ್ನಿ. ಈಗ ಯಾವ ಜೋಡಿಯಲ್ಲೂ ಎರಡು ನಂಬರ್ ಒಂದೇ ಇರುವುದಿಲ್ಲ. ಒಬ್ಬೊಬ್ಬರು ಒಂದೊಂದು ಜೋಡಿ ಎತ್ತಿಕೊಂಡು, ಗೋಡೆಯ ಪಟ್ಟಿಯಲ್ಲಿ ತಮ್ಮ ನಂಬರ್ ಎದುರು ಹೆಸರು ಬರೆಯಲಿ. 7ಕ್ಕೆ ಕೊಡಬೇಕಾದವರು ಪಟ್ಟಿಯಲ್ಲಿ 7 ಯಾರೆಂದು ನೋಡಿಕೊಂಡರಾಯಿತು. ಕತ್ತರಿಸಿದವರಿಗೂ ಗುಟ್ಟು ಗೊತ್ತಾಗುವುದಿಲ್ಲ. ಒಂದು ಕತ್ತರಿ, ಹತ್ತು ನಿಮಿಷ ಸಾಕು. ದೂರದೂರಲ್ಲಿ ಇರುವವರಿಗೆ ಎಲ್ಫ್‌ಸ್ಟರ್, ಡ್ರಾನೇಮ್ಸ್‌ನಂಥ ಸೈಟುಗಳು ಇದೇ ಕೆಲಸ ಮಾಡುತ್ತವೆ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಎತ್ತದ ಹಾಗೆ ತಡೆಯುವ ಅನುಕೂಲವೂ ಅಲ್ಲಿದೆ.

ಬೆಲೆಯ ಮಿತಿ ಹೇಳುವಾಗ ಕೆಳಗಿನ ಮಿತಿಯನ್ನೂ ಹೇಳಿ. ‘500 ದಾಟಬಾರದು’ ಎಂದಷ್ಟೇ ಹೇಳಿದರೆ ಒಬ್ಬರು 490ರ ವಸ್ತು ತರುತ್ತಾರೆ, ಇನ್ನೊಬ್ಬರು 60 ರೂಪಾಯಿಯ ಪೆನ್ನು. ‘300ರಿಂದ 500’ ಎನ್ನಿ, ಯಾರಿಗೂ ಬೇಜಾರಿಲ್ಲ. ಆನ್‌ಲೈನ್‌ನಲ್ಲಿ ತರಿಸಿ ನೇರ ರಿಸೆಪ್ಶನ್‌ಗೆ ಕಳಿಸುವವರು ಒಂದು ಸಲ ಡಬ್ಬಿ ಬಿಚ್ಚಿ ನೋಡುವುದು ಒಳ್ಳೆಯದು. ಒಳಗಿನ ಬಿಲ್‌ನಲ್ಲಿ ನಿಮ್ಮ ಹೆಸರು, ಬೆಲೆ ಎರಡೂ ರಾರಾಜಿಸುತ್ತಿರುತ್ತವೆ. ಪ್ಲಮ್ ಕೇಕ್ ಕೊಡುವುದಾದರೆ ಮೊಟ್ಟೆ, ರಮ್ ಇದೆಯೇ ಎಂದು ನೋಡಿ.

ಉಡುಗೊರೆ ಬಿಚ್ಚುವ ರೀತಿಗೆ ಬ್ರೆಜಿಲ್‌ನವರನ್ನು ನೋಡಿ ಕಲಿಯಬೇಕು. ಅಲ್ಲಿ ಇದರ ಹೆಸರು ಅಮಿಗೊ ಸೆಕ್ರೆಟೊ. ಪೊಟ್ಟಣ ಸುಮ್ನೆ ಮೇಜಿನ ಮೇಲಿಟ್ಟು ಹೋಗುವ ಹಾಗಿಲ್ಲ. ಕೊಡುವವರು ಎದ್ದು ನಿಂತು, ತಾವು ಎತ್ತಿದವರನ್ನು ಹೆಸರು ಹೇಳದೆ ಬಣ್ಣಿಸಬೇಕು, ಉಳಿದವರು ಕೂಗಿ ಕೂಗಿ ಊಹಿಸಬೇಕು. ‘ನಾನು ಎತ್ತಿದವರು ಮೀಟಿಂಗ್‌ನಲ್ಲಿ ಮ್ಯೂಟ್ ತೆಗೆಯದೇ ಐದು ನಿಮಿಷ ಮಾತಾಡುತ್ತಾರೆ’ ಎಂದು ಶುರು ಮಾಡಿ ನೋಡಿ, ಮೂರು ಹೆಸರು ಒಟ್ಟಿಗೆ ಬರುತ್ತವೆ. ಯಾರ ಹೆಸರು ಸರಿಯೋ ಅವರು ಉಡುಗೊರೆ ಪಡೆದು, ಮುಂದಿನ ಬಣ್ಣನೆ ಶುರು ಮಾಡುತ್ತಾರೆ. ಮಾತುಗಾರರು ಇರುವ ತಂಡಕ್ಕೆ ಇದರಷ್ಟು ಮಜಾ ಬೇರೆಯಿಲ್ಲ.

ವಾರಗಟ್ಟಲೆ ನಡೆಯುವ ಆಟ

ಒಂದೇ ಮಧ್ಯಾಹ್ನಕ್ಕೆ ಮುಗಿಸುವ ಬದಲು ಎಳೆದಾಡುವ ರೂಪಗಳೂ ಇವೆ. ಫಿಲಿಪ್ಪೀನ್ಸ್‌ನ ಮೊನಿತೊ ಮೊನಿತಾದಲ್ಲಿ ಡಿಸೆಂಬರ್ ಉದ್ದಕ್ಕೂ ಚಿಕ್ಕ ಚಿಕ್ಕ ಉಡುಗೊರೆ. ಪ್ರತಿ ಸಲ ಒಂದು ಸುಳಿವು: ಈ ಸಲ ‘ಮೆತ್ತಗಿರುವುದು’, ಮುಂದಿನ ಸಲ ‘ಉದ್ದನೆಯದು’, ಆಮೇಲೆ ‘ಕೆಂಪು ಬಣ್ಣದ್ದು’. ಉದ್ದನೆಯದು ಎಂದರೆ ನೂಡಲ್ಸ್ ಪ್ಯಾಕೆಟ್ಟೂ ಆಗಬಹುದು, ಶೂ ಲೇಸೂ ಆಗಬಹುದು. ಕೊಲಂಬಿಯಾದಲ್ಲಿ ಇದು ಡಿಸೆಂಬರ್‌ನದ್ದೇ ಅಲ್ಲ. ಸೆಪ್ಟೆಂಬರ್‌ನ ಪ್ರೀತಿ ಸ್ನೇಹದ ದಿನಕ್ಕೆ ಮುಂಚೆ ಗುಟ್ಟಿನ ಗೆಳೆಯರ ಮೇಜಿನ ಮೇಲೆ ಮಿಠಾಯಿ ಇಟ್ಟು ಬರುತ್ತಾರೆ.

ನಮ್ಮ ಕಾನ್ವೆಂಟ್, ಕಾಲೇಜು, ಹಾಸ್ಟೆಲ್‌ಗಳ ‘ಕ್ರಿಸ್ ಮಾಮ್, ಕ್ರಿಸ್ ಚೈಲ್ಡ್’ ಇದೇ ಮನೆತನದ್ದು. ಹೆಸರು ಎತ್ತಿದವರು ಅಮ್ಮ, ಸಿಕ್ಕಿದವರು ಮಗು. ಅಮ್ಮ ಯಾರೆಂದು ಗೊತ್ತಿಲ್ಲ, ಆದರೆ ಬ್ಯಾಗಿನಲ್ಲಿ ಚಾಕ್ಲೆಟ್ ಬಂದು ಕೂತಿರುತ್ತದೆ. ಜೊತೆಗೊಂದು ಚೀಟಿ: ‘ನಾಳೆ ಎರಡು ಜಡೆ ಹಾಕಿಕೊಂಡು ಬಾ’, ‘ಊಟದ ಹೊತ್ತಿಗೆ ಒಂದು ಹಾಡು ಹೇಳು’. ಮಗು ಹೇಳಿದಂತೆ ಮಾಡಬೇಕು. ಹೊಸಬರು ಬೇಗ ಬೆರೆಯಲು ಇಂಥ ಆಟ ಬೇರೆ ಇಲ್ಲ, ಯಾಕೆಂದರೆ ಪರಿಚಯ ಇಲ್ಲದಿದ್ದರೂ ಆಡುತ್ತಾ ಆಡುತ್ತಾ ಅದು ಹುಟ್ಟುತ್ತದೆ. ಆದರೆ ಆಫೀಸಿಗೆ ತರುವಾಗ ಹುಷಾರು. ಹಾಸ್ಟೆಲ್‌ನಲ್ಲಿ ನಗು ತರುವ ಚೀಟಿ ಆಫೀಸಿನಲ್ಲಿ ಕಿರುಕುಳ ಅನಿಸಬಹುದು. ಟಾಸ್ಕ್ ಚೀಟಿಗಳನ್ನು ಒಬ್ಬರು ಮೊದಲು ಓದಿ ನೋಡಲಿ, ಇಲ್ಲವೇ ಟಾಸ್ಕೇ ಬೇಡ, ಚಾಕ್ಲೆಟ್ ಸಾಕು. ಎರಡು ವಾರಕ್ಕಿಂತ ಎಳೆದರೆ ಅರ್ಧದಷ್ಟು ಅಮ್ಮಂದಿರು ಮರೆತುಬಿಡುತ್ತಾರೆ, ಅವರ ಮಕ್ಕಳು ಬೆಳಿಗ್ಗೆ ಬೆಳಿಗ್ಗೆ ಖಾಲಿ ಡ್ರಾಯರ್ ನೋಡಿ ಸಪ್ಪೆಯಾಗುತ್ತಾರೆ.

ವೈಟ್ ಎಲಿಫೆಂಟ್, ಯಾಂಕಿ ಸ್ವಾಪ್: ಕಿತ್ತುಕೊಳ್ಳುವ ಆಟ

ಇದು ಅಮೆರಿಕದ ಆಟ. ಅಲ್ಲಿಗೆ ಹೋದ ನಮ್ಮವರಿಗೆ ಮೊದಲ ಡಿಸೆಂಬರ್‌ನಲ್ಲೇ ಎದುರಾಗುತ್ತದೆ. ಎಲ್ಲರೂ ಒಂದೊಂದು ಪೊಟ್ಟಣ ತಂದು ನಡುವೆ ಇಡುತ್ತಾರೆ. ಆಡುವ ಸರದಿಗೆ ನಂಬರ್ ಎತ್ತುತ್ತಾರೆ. 1ನೇ ನಂಬರಿನವರು ಒಂದು ಪೊಟ್ಟಣ ಬಿಚ್ಚುತ್ತಾರೆ. 2ನೆಯವರು ಹೊಸದು ಬಿಚ್ಚಬಹುದು, ಇಲ್ಲವೇ 1ನೆಯವರದ್ದನ್ನು ಕಿತ್ತುಕೊಳ್ಳಬಹುದು. ಕಳೆದುಕೊಂಡವರು ಹೊಸದನ್ನು ತೆಗೆಯಬೇಕು ಅಥವಾ ಬೇರೆಯವರಿಂದ ಕೀಳಬೇಕು. ಆಗಲೇ ಕಳೆದುಕೊಂಡದ್ದನ್ನು ಅದೇ ಸರದಿಯಲ್ಲಿ ವಾಪಸ್ ಕೇಳುವಂತಿಲ್ಲ. ಒಂದು ವಸ್ತು ಮೂರು ಸಲ ಕೈ ಬದಲಿಸಿದರೆ ಅಲ್ಲಿಗೆ ಬೀಗ, ಮತ್ತೆ ಯಾರೂ ಕೀಳುವಂತಿಲ್ಲ ಎಂಬುದು ಬಹಳ ಕಡೆ ಇರುವ ನಿಯಮ. ಬೀಗದ ನಿಯಮ ಇಲ್ಲದೆ ಶುರು ಮಾಡಲೇಬೇಡಿ, ಆಟ ಮುಗಿಯುವುದಿಲ್ಲ.

ಹೆಸರಿನ ಹಿಂದೆ ಒಂದು ಕಥೆ ಇದೆ. ಸಯಾಮ್ ದೇಶದ (ಈಗಿನ ಥಾಯ್ಲೆಂಡ್) ರಾಜ, ಆಗದ ಆಸ್ಥಾನಿಕನಿಗೆ ಬಿಳಿಯಾನೆ ದಾನ ಕೊಡುತ್ತಿದ್ದನಂತೆ. ಪವಿತ್ರ ಪ್ರಾಣಿ, ಕೆಲಸಕ್ಕೆ ಹಚ್ಚುವಂತಿಲ್ಲ, ರಾಜನ ದಾನ, ಮಾರುವಂತಿಲ್ಲ. ಮೇವು ಹಾಕಿ ಹಾಕಿ ಆ ಮನುಷ್ಯ ಮುಳುಗುತ್ತಿದ್ದನಂತೆ. ಕಥೆ ಚೆನ್ನಾಗಿದೆ, ಆಧಾರ ಇಲ್ಲ. ಸಯಾಮ್ ಮತ್ತು ಬರ್ಮಾದ ರಾಜರಿಗೆ ಬಿಳಿಯಾನೆ ಅಂದರೆ ಪಟ್ಟದ ಗೌರವ, ಸುಲಭಕ್ಕೆ ಬಿಟ್ಟುಕೊಡುವ ವಸ್ತುವೇ ಅಲ್ಲ. 1563ರಲ್ಲಿ ಬರ್ಮಾದ ರಾಜ ಬಯಿನ್ನೌಂಗ್ ಎರಡು ಬಿಳಿಯಾನೆ ಕೇಳಿದ. ಸಯಾಮ್‌ನ ಅಯುತ್ಥಯದ ರಾಜ ಕೊಡಲಿಲ್ಲ. ಅದನ್ನೇ ನೆಪ ಮಾಡಿಕೊಂಡು ಯುದ್ಧ ನಡೆಯಿತು. ಸಯಾಮ್‌ನ ಬಾವುಟದಲ್ಲೂ 1917ಕ್ಕೆ ತ್ರಿವರ್ಣ ಬರುವ ಹೊತ್ತಿನವರೆಗೆ ಬಿಳಿಯಾನೆ ಇತ್ತು. ಬೇಡದ ವಸ್ತು ಎಂಬ ಅರ್ಥ ಕಟ್ಟಿದ್ದು ದೂರದಿಂದ ನೋಡಿದ ಯುರೋಪಿನವರು. ಸರ್ಕಸ್ಸಿನ ಪಿ.ಟಿ. ಬಾರ್ನಮ್ 1884ರಲ್ಲಿ ಬರ್ಮಾದಿಂದ ಟೌಂಗ್ ಟಲೌಂಗ್ ಎಂಬ ಬಿಳಿಯಾನೆಯನ್ನು ನ್ಯೂಯಾರ್ಕ್‌ಗೆ ತರಿಸಿದ. ಹಾಲಿನ ಬಣ್ಣ ನಿರೀಕ್ಷಿಸಿದ್ದ ಜನಕ್ಕೆ ಕಂಡದ್ದು ಬೂದು ಮೈ, ಅಲ್ಲಲ್ಲಿ ಗುಲಾಬಿ ಮಚ್ಚೆ. ಎದುರಾಳಿ ಸರ್ಕಸ್ಸಿನವನು ಮಾಮೂಲಿ ಆನೆಗೆ ಬಿಳಿ ಬಣ್ಣ ಬಳಿದು ಮೆರೆಸಿದ!

20ನೇ ಶತಮಾನದ ಆರಂಭಕ್ಕೆ ಅಮೆರಿಕದ ಪತ್ರಿಕೆಗಳಲ್ಲಿ ವೈಟ್ ಎಲಿಫೆಂಟ್ ಪಾರ್ಟಿಯ ಸುದ್ದಿ ಬರತೊಡಗಿತು. ಮನೆಯಲ್ಲಿ ಬಿದ್ದಿರುವ ಬೇಡದ ವಸ್ತು ತಂದು ಬದಲಾಯಿಸಿಕೊಳ್ಳುವ ಕೂಟ ಅದು. ನಮಗೆ ಇದು ಹೊಸತೇನಲ್ಲ. ಅರಿಶಿನ ಕುಂಕುಮದ ಜೊತೆ ಕೊಟ್ಟ ಬ್ಲೌಸ್ ಪೀಸ್ ಬೀದಿಯ ಎಲ್ಲ ಮನೆ ಸುತ್ತಿ, ಮಡಿಕೆ ಬಿಚ್ಚದೆ, ಮುಂದಿನ ಗೌರಿ ಹಬ್ಬಕ್ಕೆ ನಿಮ್ಮ ಮನೆಗೇ ಬರುತ್ತದಲ್ಲ, ಹಾಗೆ.

ವೈಟ್ ಎಲಿಫೆಂಟ್, ಯಾಂಕಿ ಸ್ವಾಪ್, ಡರ್ಟಿ ಸಾಂಟಾ ಮೂರಕ್ಕೂ ನಿಯಮ ಹತ್ತಿರ ಹತ್ತಿರ ಒಂದೇ. ಯಾಂಕಿ ಸ್ವಾಪ್ ಅನ್ನುವವರು ಈಶಾನ್ಯದ ನ್ಯೂ ಇಂಗ್ಲೆಂಡ್ ಕಡೆಯವರು. ಅಲ್ಲಿ ಸಾಮಾನ್ಯವಾಗಿ ಉಪಯೋಗಕ್ಕೆ ಬರುವ ವಸ್ತು ತರುತ್ತಾರೆ. ಡರ್ಟಿ ಸಾಂಟಾ ದಕ್ಷಿಣದ ರಾಜ್ಯಗಳ ಮಾತು. ವೈಟ್ ಎಲಿಫೆಂಟ್ ಅಂದರೆ ಮಾತ್ರ ತಮಾಷೆಯ ವಸ್ತು, ಹಳೆಯ ವಸ್ತು ಬರಬಹುದು. ಹೊಸದಾಗಿ ಅಮೆರಿಕಕ್ಕೆ ಹೋದವರು ಇಲ್ಲೇ ಪೆಚ್ಚಾಗುತ್ತಾರೆ. 25 ಡಾಲರ್ ಕೊಟ್ಟು ಚಂದದ ಶಾಲು ತಂದಿರುತ್ತಾರೆ. ವಾಪಸ್ ಸಿಕ್ಕಿದ್ದು ಹಾಡುವ ಪ್ಲಾಸ್ಟಿಕ್ ಮೀನು. ಆಹ್ವಾನ ಬಂದ ತಕ್ಷಣ ‘ತಮಾಷೆಯ ಗಿಫ್ಟಾ, ನಿಜವಾದ್ದಾ?’ ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆ ಬೇಡ, ಅಲ್ಲಿನವರೂ ಕೇಳುತ್ತಾರೆ.

ಈಗ ಸಲುಗೆಯ ವಿಷಯ. ನಾನಿದ್ದ ಒಂದು ತಂಡದಲ್ಲಿ ಈ ಆಟ ಆಡಿದೆವು. ಮೂರನೇ ಸರದಿ ಮ್ಯಾನೇಜರ್ ಅವರದ್ದು. ಅವರು ಬಿಚ್ಚಿದ್ದರಲ್ಲಿ ಚಿಕ್ಕದೊಂದು ಎಲೆಕ್ಟ್ರಿಕ್ ಕೆಟಲ್. ಎಲ್ಲರ ಕಣ್ಣೂ ಅದರ ಮೇಲೆ. ಪಿಜಿಯಲ್ಲಿರುವ ಹುಡುಗರಿಗಂತೂ ಮ್ಯಾಗಿ ಮಾಡಲು ಅದೇ ಬೇಕು. ಆದರೆ ಒಬ್ಬರಾದ ಮೇಲೆ ಒಬ್ಬರು ಬಂದು ಹೊಸ ಪೊಟ್ಟಣವನ್ನೇ ಬಿಚ್ಚಿದರು. ‘ತಗೊಳ್ರಪ್ಪಾ, ನಾನೇನೂ ಅಂದ್ಕೊಳ್ಳಲ್ಲ’ ಎಂದು ಅವರೇ ಹೇಳಿದರೂ ‘ಅಯ್ಯೋ ಬಿಡಿ ಸಾರ್’ ಎಂದರು. ಕೊನೆಗೆ ಕೆಟಲ್ ಎತ್ತಿಕೊಂಡವನು ಒಬ್ಬ ಇಂಟರ್ನ್, ಅವನ ಇಂಟರ್ನ್‌ಶಿಪ್ ಆ ವಾರಕ್ಕೇ ಮುಗಿಯುವುದಿತ್ತು. ಮೇಲಿನವರು ಕೆಳಗಿನವರು ಎಂಬ ಲೆಕ್ಕ ಬಿಗಿಯಾಗಿರುವ ಕಡೆ ಈ ಆಟ ನಿಂತುಹೋಗುತ್ತದೆ. ಮಾಡಲೇಬೇಕೆಂದರೆ ಒಂದು ದಾರಿ ಇದೆ: ಮ್ಯಾನೇಜರುಗಳಿಗೆ ಕೊನೆಯ ನಂಬರ್ ಕೊಟ್ಟುಬಿಡಿ. ಆಗ ಅವರಿಂದ ಕೀಳುವ ಪ್ರಸಂಗ ಬಹಳ ಮಟ್ಟಿಗೆ ಬರುವುದಿಲ್ಲ. ಅವರು ನಿಮ್ಮಿಂದ ಕಿತ್ತರೆ ಜನ ನಗುತ್ತಾರೆ, ಬೈಯಲೂ ಒಂದು ಅವಕಾಶ ಸಿಗುತ್ತದೆ.

ಕೊನೆಯ ನಂಬರಿಗೆ ಒಂದು ಲಾಭವೂ ಇದೆ, ತೆರೆದಿಟ್ಟದ್ದನ್ನೆಲ್ಲ ನೋಡಿ ಆರಿಸಬಹುದು. 1ನೇ ನಂಬರಿನವರಿಗೆ ನೋಡಲು ಏನೂ ಇರುವುದಿಲ್ಲ. ಅದಕ್ಕೇ ಬಹಳ ಕಡೆ ಎಲ್ಲ ಮುಗಿದ ಮೇಲೆ ಅವರಿಗೆ ಇನ್ನೊಂದು ಸರದಿ ಕೊಡುತ್ತಾರೆ. ಇದನ್ನು ಮೊದಲೇ ಘೋಷಿಸಿ, ನಡುವೆ ಸೇರಿಸಿದರೆ ಜಗಳ. ಸಮಯವನ್ನೂ ಲೆಕ್ಕ ಹಾಕಿ. ಒಂದು ಸರದಿಗೆ ಎರಡು ಮೂರು ನಿಮಿಷ ಹಿಡಿದರೂ 25 ಜನಕ್ಕೆ ಸುಮಾರು ಒಂದು ಗಂಟೆ ಆಗುತ್ತದೆ. ಹದಿನೈದು ದಾಟಿದರೆ ಎರಡು ಗುಂಪು ಮಾಡಿ.

ಕಿತ್ತುಕೊಳ್ಳುವ ಆಟದ ಪರವಾಗಿ ಒಬ್ಬ ಅರ್ಥಶಾಸ್ತ್ರಜ್ಞರನ್ನೂ ಸಾಕ್ಷಿ ಕರೆಯಬಹುದು. ಜೋಯಲ್ ವಾಲ್ಡ್‌ಫೋಗೆಲ್ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ವಿಚಾರಿಸಿ 1993ರಲ್ಲಿ ಒಂದು ಲೇಖನ ಪ್ರಕಟಿಸಿದರು. ಉಡುಗೊರೆಗೆ ಕೊಟ್ಟವರು ಸುರಿದ ದುಡ್ಡಿಗೂ ಪಡೆದವರ ಕಣ್ಣಿನಲ್ಲಿ ಅದರ ಬೆಲೆಗೂ ಶೇಕಡಾ 10ರಿಂದ ಮೂರನೇ ಒಂದು ಭಾಗದವರೆಗೆ ನಷ್ಟ ಎಂದು ಲೆಕ್ಕ ಕೊಟ್ಟರು. ಕಿತ್ತುಕೊಳ್ಳುವ ಆಟದಲ್ಲಿ ಕೆಟಲ್ ಬೇಕಾದವರ ಕೈಗೇ ಹೋಗುತ್ತದೆ. ಆದರೆ ಗೆಳತಿ ನಿಮಗೆಂದೇ ಹುಡುಕಿ ತಂದ ಪುಸ್ತಕದ ಖುಷಿ ಆ ಲೆಕ್ಕಕ್ಕೆ ಸಿಗುವುದಿಲ್ಲ ಎಂದು ಆಗಲೇ ಕೆಲವು ಅರ್ಥಶಾಸ್ತ್ರಜ್ಞರು ತಕರಾರು ತೆಗೆದಿದ್ದರು. ನನಗೂ ತಕರಾರೇ ಸರಿ ಅನಿಸುತ್ತದೆ.

ಪರಿಚಯವೂ ಇಲ್ಲ, ಸಲುಗೆಯೂ ಇಲ್ಲ ಅಂದರೆ?

ಅಪಾರ್ಟ್‌ಮೆಂಟ್‌ನ ಕ್ಲಬ್‌ಹೌಸ್‌ನಲ್ಲಿ ಸೇರುವ ನಲವತ್ತು ಮನೆಯವರ ಸ್ಥಿತಿ ಇದು. ಅವರಿಗೆ ಎಡ ಬಲದ ಆಟ ಸಾಕು. ಎಲ್ಲರೂ ಪೊಟ್ಟಣ ಹಿಡಿದು ಸುತ್ತ ಕೂರುತ್ತಾರೆ. ಒಬ್ಬರು ಕಥೆ ಓದುತ್ತಾರೆ. ‘ಬಲ’ ಅಂದಾಗಲೆಲ್ಲ ಪೊಟ್ಟಣ ಬಲಕ್ಕೆ, ‘ಎಡ’ ಅಂದಾಗ ಎಡಕ್ಕೆ. ಕಥೆ ಮುಗಿದಾಗ ಕೈಯಲ್ಲಿದ್ದದ್ದು ನಿಮ್ಮದು. ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ, ಯಾರೂ ಯಾರಿಂದಲೂ ಕಿತ್ತುಕೊಳ್ಳುವುದಿಲ್ಲ, ಅಜ್ಜಿಯಿಂದ ಮೊಮ್ಮಗನವರೆಗೆ ಆಡಬಹುದು. ಕಥೆಯನ್ನು ನೀವೇ ಕನ್ನಡದಲ್ಲಿ ಬರೆಯಿರಿ. ಆಟೋದವನು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಮತ್ತೆ ಬಲಕ್ಕೆ ತಿರುಗಿ ನಿಮ್ಮ ಲೇಔಟ್ ಹುಡುಕುವ ಕಥೆಯಾದರೆ ಬರೆಯಲು ಐದು ನಿಮಿಷ ಸಾಕು.

ಇಲ್ಲವೇ ಎಲ್ಲರೂ ಒಂದು ಪುಸ್ತಕ ತರುವುದು. ಐಸ್‌ಲೆಂಡ್‌ನಲ್ಲಿ ಕ್ರಿಸ್‌ಮಸ್ ಅಂದರೆ ಪುಸ್ತಕದ ಹಬ್ಬ. ಎರಡನೇ ಮಹಾಯುದ್ಧದ ಹೊತ್ತಿಗೆ ಹೊರಗಿನಿಂದ ಬರುವ ಸಾಮಾನಿಗೆ ಕಡಿವಾಣ ಇತ್ತು, ಕಾಗದಕ್ಕೆ ಅಷ್ಟು ಇರಲಿಲ್ಲ. ಜನ ಪುಸ್ತಕ ಕೊಡತೊಡಗಿದರು. 1944ರಿಂದ ಪ್ರಕಾಶಕರು ಹೊಸ ಪುಸ್ತಕಗಳ ಪಟ್ಟಿಯನ್ನೇ ಹಂಚುತ್ತಾ ಬಂದಿದ್ದಾರೆ. ನಮ್ಮಲ್ಲಿ ಹಾರ ತುರಾಯಿ ಬದಲು ಪುಸ್ತಕ ಕೊಡಿ ಎಂಬ ಮಾತು ಈಗ ಮಾಮೂಲು. 200ರಿಂದ 300 ರೂಪಾಯಿಗೆ ಒಳ್ಳೆಯ ಕನ್ನಡ ಪುಸ್ತಕ ಸಿಗುತ್ತದೆ. ಕಂದು ಕಾಗದ ಸುತ್ತಿ, ಮೇಲೆ ಹೆಸರು ಬರೆಯದೆ ಒಂದೇ ಸಾಲಿನ ಸುಳಿವು ಬರೆಯಿರಿ. ರೋಮ್‌ನ ಕವಿ ಮಾರ್ಷಿಯಲ್ ಸ್ಯಾಟರ್ನೇಲಿಯಾ ಉಡುಗೊರೆಗಳಿಗೆಂದೇ ಎರಡೆರಡು ಸಾಲಿನ ಪದ್ಯಗಳ ಒಂದು ಪುಸ್ತಕ ಬರೆದಿದ್ದ, ದುಬಾರಿ ವಸ್ತುವಿಗೊಂದು, ಅಗ್ಗದ್ದಕ್ಕೊಂದು ಎಂದು ಜೋಡಿ ಮಾಡಿ. ನೀವು ಒಂದು ಸಾಲು ಬರೆದರೆ ಸಾಕು.

ಹಾಗಾದರೆ ನೀವು?

ಹತ್ತು ಹನ್ನೆರಡು ಜನರ ಆಫೀಸ್ ತಂಡವಾದರೆ ಸೀಕ್ರೆಟ್ ಸಾಂಟಾ, ಬ್ರೆಜಿಲ್ ಶೈಲಿಯ ಬಣ್ಣನೆಯ ಜೊತೆ. ಕಣ್ಣು ಮುಚ್ಚಿ ಆರಿಸಿ. ಗೆಳೆಯರ ಗುಂಪು, ಕಸಿನ್‌ಗಳು, ಕಾಲೇಜಿನ ಹಳೆಯ ಬ್ಯಾಚ್ ಆದರೆ ಕಿತ್ತುಕೊಳ್ಳುವ ಆಟ. ಸಲುಗೆ ಇರುವ ಕಡೆ ಅದನ್ನು ಮೀರಿಸುವುದು ಇಲ್ಲ. ಮನೆಮಂದಿಯೇ ಆದರೆ ನೆದರ್ಲೆಂಡ್ಸ್‌ನವರ ಪದ್ಯ ಪ್ರಯತ್ನಿಸಿ. ಭಾವನ ಮೇಲೆ ನಾಲ್ಕು ಸಾಲು ಬರೆಯಲು ನಾದಿನಿಯರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಚಿಕ್ಕ ಮಕ್ಕಳಿದ್ದರೆ ಮಾತ್ರ ಕಿತ್ತುಕೊಳ್ಳುವುದು ಬೇಡ. ಕೈಗೆ ಬಂದ ಆಟಿಕೆ ನಿಯಮದ ಪ್ರಕಾರ ಹೋಯಿತು ಎಂದು ಐದು ವರ್ಷದ ಮಗುವಿಗೆ ಹೇಳಿ ನೋಡಿ, ಗೊತ್ತಾಗುತ್ತದೆ.

ವರ್ಕ್ ಫ್ರಂ ಹೋಮ್ ತಂಡಕ್ಕೆ ಸೈಟಿನಲ್ಲಿ ಹೆಸರು ಎತ್ತಿ, ಕೊರಿಯರ್‌ನಲ್ಲಿ ಕಳಿಸಿ, ವಿಡಿಯೋ ಕಾಲ್‌ನಲ್ಲಿ ಒಟ್ಟಿಗೆ ಬಿಚ್ಚುವುದು. ಕೊರಿಯರ್‌ಗೆ ಒಂದು ವಾರ ಬಿಟ್ಟುಕೊಳ್ಳಿ, ಹಬ್ಬದ ಹೊತ್ತಿನಲ್ಲಿ ಹುಬ್ಬಳ್ಳಿಯ ಪೊಟ್ಟಣ ಎಲ್ಲೆಲ್ಲೋ ಸುತ್ತಿ ಬರುತ್ತದೆ. ಮನೆ ವಿಳಾಸ ಕೊಡಲು ಇಷ್ಟವಿಲ್ಲದವರಿಗೆ ಇ-ವೋಚರ್ ಆಯ್ಕೆ ಇರಲಿ.

ಆಡಲು ಇಷ್ಟವಿಲ್ಲದವರನ್ನು ಅವರ ಪಾಡಿಗೆ ಬಿಡಿ. ತಿಂಗಳ ಕೊನೆಯಲ್ಲಿ 500 ರೂಪಾಯಿ ಎಲ್ಲರಿಗೂ ಒಂದೇ ಅಲ್ಲ. ಸೇರುವವರು ಹೆಸರು ಕೊಡಲಿ ಎಂದು ಕೇಳಿ, ಸೇರದವರ ಪಟ್ಟಿ ಓದಬೇಡಿ. ಇದೇ ಕಾರಣಕ್ಕೆ ಹೌಸ್‌ಕೀಪಿಂಗ್, ಸೆಕ್ಯುರಿಟಿಯವರನ್ನು ‘ಎಲ್ಲರೂ ಒಂದೇ’ ಎಂದು ಚೀಟಿಗೆ ಎಳೆಯುವುದು ನನಗೆ ಸರಿ ಕಾಣುವುದಿಲ್ಲ. ಅವರೂ ಒಂದು ಉಡುಗೊರೆ ಕೊಳ್ಳಬೇಕಾಗುತ್ತದಲ್ಲ? ಅದರ ಬದಲು ಆಡುವವರೆಲ್ಲ ನೂರು ನೂರು ಹಾಕಿ, ಅವರಿಗೆ ಏನು ಬೇಕೆಂದು ಕೇಳಿ ತಂದುಕೊಡಿ. ಕೇಕ್ ಕತ್ತರಿಸುವಾಗ ಅವರನ್ನೂ ಕರೆಯಿರಿ, ಮೇಜು ಒರೆಸಲು ಅಲ್ಲ.